ವಂಶಾವಳಿಯಲ್ಲಿ ರೋಗದ ನೆಲೆ ಅರಸಿದ ವಿಜ್ಞಾನಿ: ಜೆ. ಬಿ. ಎಸ್. ಹಾಲ್ಡೇನ್

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಅರೇಬಿಕಾ ಕಾಫಿ ಬೆಳೆಗಾರರಿಗೆ ಎಸ್.795 ತಳಿಯು ಚಿರಪರಿಚಿತ. ಎಸ್.288 ಮತ್ತು ಕೆಂಟ್ಸ್ ತಳಿಗಳ ಸಂಕರದಿಂದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಈ ತಳಿಗೆ ಎಲೆ ತುಕ್ಕು ರೋಗವನ್ನು ಎದುರಿಸುವ ವಂಶವಾಹಿಗಳು ಇಬ್ಬರು ಪೋಷಕರಿಂದಲೂ ಬಂದಿವೆ. ಕಣ್ಣಿಗೆ ಕಾಣದ ವಂಶವಾಹಿಯ ಇರವನ್ನೂ ಅದರ ನೆಲೆಯನ್ನೂ ಸಂತತಿಯ ಎಣಿಕೆಯಿಂದಲೇ ಅರಿಯುವ ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ಪ್ರಮುಖರು.

ಬಾಲ್ಯ ಮತ್ತು ಆರಂಭಿಕ ಸಂಶೋಧನೆ

ಹಾಲ್ಡೇನ್ 1892ರ ನವೆಂಬರ್ 5ರಂದು ಆಕ್ಸ್‌ಫರ್ಡ್‌ನಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಖ್ಯಾತ ಶರೀರಕ್ರಿಯಾ ವಿಜ್ಞಾನಿ. ತಂದೆಯೊಡನೆ ಉಪನ್ಯಾಸಕ್ಕೆ ಹೋಗಿ ಮೆಂಡೆಲ್‌ನ ತತ್ವಗಳನ್ನು ಎಳವೆಯಲ್ಲಿಯೇ ಕೇಳಿದ ಬಾಲಕ, ಮುಂದೆ ಸಹೋದರಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಅವರೊಂದಿಗೆ ಇಲಿಗಳ ಸಂಕರವನ್ನು ಅಧ್ಯಯನ ಮಾಡಿದರು. ಎರಡು ಗುಣಗಳು ಜೊತೆಜೊತೆಯಾಗಿ ಸಂತತಿಗೆ ಸಾಗುವ ಸಹಲಗ್ನತೆಯನ್ನು ತೋರಿಸಿದ ಆ ಪ್ರಬಂಧವು 1915ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಸ್ಪ್ರಂಟ್ ಮಹಾಯುದ್ಧದಲ್ಲಿ ಮಡಿದಿದ್ದರು. ಹಾಲ್ಡೇನ್ ಸಹ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡು, ಚೇತರಿಕೆಗಾಗಿ ಮೊದಲ ಬಾರಿಗೆ ಭಾರತಕ್ಕೆ ಬಂದರು.

1919ರಲ್ಲಿ ಅವರು ಮರುಜೋಡಣೆಯ ಪ್ರಮಾಣದಿಂದ ವರ್ಣತಂತುವಿನ ಮೇಲೆ ಎರಡು ವಂಶವಾಹಿಗಳ ನಡುವಿನ ಅಂತರವನ್ನು ಲೆಕ್ಕ ಹಾಕುವ ಸೂತ್ರವನ್ನು ನೀಡಿದರು. ಹತ್ತಿರವಿರುವ ವಂಶವಾಹಿಗಳು ವಿರಳವಾಗಿ ಬೇರ್ಪಡುತ್ತವೆ. ದೂರವಿರುವವು ಹೆಚ್ಚಾಗಿ ಬೇರ್ಪಡುತ್ತವೆ. ಆದರೆ ಈ ಪ್ರಮಾಣವು ಶೇ. 50ನ್ನು ಮೀರುವುದಿಲ್ಲ.

ಮಾನವ ಕುಟುಂಬಗಳ ಅಧ್ಯಯನ

ಗಿಡಗಳಲ್ಲಿ ಬೇಕಾದ ಸಂಕರವನ್ನು ನಡೆಸಿ ಸಾವಿರಾರು ಸಸಿಗಳನ್ನು ಎಣಿಸಬಹುದು. ಮನುಷ್ಯರಲ್ಲಿ ಅದು ಅಸಾಧ್ಯ. ಆದ್ದರಿಂದ ಹಾಲ್ಡೇನ್ ವೈದ್ಯರು ದಾಖಲಿಸಿದ್ದ ವಂಶಾವಳಿಗಳತ್ತ ತಿರುಗಿದರು. 1937ರಲ್ಲಿ ಜೂಲಿಯಾ ಬೆಲ್ ಅವರೊಂದಿಗೆ ಕುಸುಮರೋಗ ಮತ್ತು ಬಣ್ಣಗುರುಡುತನ ಎರಡೂ ಇದ್ದ ಕುಟುಂಬಗಳನ್ನು ಪರಿಶೀಲಿಸಿದರು. ಎರಡೂ ಎಕ್ಸ್ ವರ್ಣತಂತುವಿನ ಮೇಲಿನ ದೋಷಗಳು. ತಾಯಿಯ ಒಂದೇ ವರ್ಣತಂತುವಿನಲ್ಲಿ ಎರಡೂ ದೋಷಗಳಿದ್ದರೆ, ಗಂಡುಮಕ್ಕಳಿಗೆ ಸಾಮಾನ್ಯವಾಗಿ ಎರಡೂ ಬರುತ್ತವೆ, ಇಲ್ಲವೇ ಎರಡೂ ಬರುವುದಿಲ್ಲ. ಒಂದು ಮಾತ್ರ ಬಂದ ಮಗನು ಮರುಜೋಡಣೆಯ ಸಾಕ್ಷಿ. ಇಂಥವರನ್ನು ಎಣಿಸಿ ಮರುಜೋಡಣೆಯು ಸುಮಾರು ಶೇ. 5 ಎಂದು ಅಂದಾಜಿಸಿದರು. ಮಾನವನ ವಂಶವಾಹಿ ನಕ್ಷೆಯಲ್ಲಿ ಇದು ಮೊದಲ ಅಳತೆಗಳಲ್ಲೊಂದು.

1947ರಲ್ಲಿ ಸೆಡ್ರಿಕ್ ಸ್ಮಿತ್ ಅವರೊಡನೆ ಹೆಚ್ಚಿನ ಕುಟುಂಬಗಳನ್ನು ಸೇರಿಸಿ ಲೆಕ್ಕವನ್ನು ಪರಿಷ್ಕರಿಸಿದಾಗ ಪ್ರಮಾಣವು ಸುಮಾರು ಶೇ. 10ಕ್ಕೆ ಏರಿತು. ಸಹಲಗ್ನತೆ ಇದ್ದರೆ ಈ ವಂಶಾವಳಿ ಮೂಡುವ ಸಾಧ್ಯತೆ ಎಷ್ಟು, ಇಲ್ಲದಿದ್ದರೆ ಎಷ್ಟು ಎಂಬ ಎರಡರ ಅನುಪಾತವೇ ಈ ವಿಧಾನದ ಜೀವಾಳ. 1955ರಲ್ಲಿ ನ್ಯೂಟನ್ ಮಾರ್ಟನ್ ಇದನ್ನು ಲಾಡ್ ಅಂಕವೆಂಬ ಪರೀಕ್ಷೆಯಾಗಿ ಬೆಳೆಸಿದರು. ಅನುಪಾತವು 1000ಕ್ಕೆ 1ರಷ್ಟಾದಾಗ, ಅಂದರೆ ಅಂಕವು 3 ತಲುಪಿದಾಗ, ಸಹಲಗ್ನತೆಯನ್ನು ಒಪ್ಪುವ ಪದ್ಧತಿ ಬಂದಿತು.

ಕುಸುಮರೋಗದಲ್ಲಿ ಎ ಮತ್ತು ಬಿ ಎಂಬ ಎರಡು ಬೇರೆ ರೋಗಗಳಿವೆಯೆಂಬುದು ಅನಂತರ ತಿಳಿಯಿತು. ಅವುಗಳಲ್ಲಿ ಎ ಮಾತ್ರ ಬಣ್ಣಗುರುಡುತನದ ನೆಲೆಗೆ ಸಮೀಪದಲ್ಲಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ಎಣಿಸಿದರೆ ಅಂತರದ ಲೆಕ್ಕ ತಪ್ಪುತ್ತದೆ.

ಭಾರತದಲ್ಲಿ ಕೊನೆಯ ವರ್ಷಗಳು

ಹಾಲ್ಡೇನ್ 1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೇ ಅವರೊಂದಿಗೆ ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಭಾರತೀಯ ಉಡುಪು, ಸಸ್ಯಾಹಾರ ಮತ್ತು ಇಲ್ಲಿನ ಪೌರತ್ವವನ್ನು ತಮ್ಮದಾಗಿಸಿಕೊಂಡರು. ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಆಂಧ್ರದ ರಕ್ತಸಂಬಂಧಿ ವಿವಾಹಗಳನ್ನು ಅಧ್ಯಯನ ಮಾಡಿದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರ್‌ನಿಂದ ನಿಧನರಾದ ಅವರ ದೇಹವನ್ನು, ಅವರ ಇಚ್ಛೆಯಂತೆ, ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ನೀಡಲಾಯಿತು.

ಬೆಳೆಗಾರರು ಗ್ರಹಿಸಬೇಕಾದ ಅಂಶಗಳು

ಕಾಫಿಯಲ್ಲಿ ಎಲೆ ತುಕ್ಕು ಮತ್ತು ಕೊಳೆರೋಗ ಎರಡರಿಂದಲೂ ಎಲೆಗಳು ಉದುರುತ್ತವೆ. ಎರಡನ್ನೂ ಒಂದಾಗಿ ಬರೆದಿಟ್ಟರೆ ಬೀಜದ ಗಿಡದ ಆಯ್ಕೆ ಹಾದಿ ತಪ್ಪುತ್ತದೆ. ಎಲೆಯ ಅಡಿಭಾಗದ ಕಿತ್ತಳೆ ಬಣ್ಣದ ಪುಡಿಯನ್ನು ನೋಡಿಯೇ ತುಕ್ಕು ರೋಗವೆಂದು ದಾಖಲಿಸಬೇಕು.

ಒಂದೇ ಮೂಲದ ಗಿಡಗಳಿಗೆಲ್ಲ ರೋಗ ಬಂದ ಮಾತ್ರಕ್ಕೆ ಅದು ವಂಶಪಾರಂಪರ್ಯವಲ್ಲ. ಏಲಕ್ಕಿಯ ಕಟ್ಟೆ ರೋಗವು ನಂಜಾಣುವಿನಿಂದ ಬರುತ್ತದೆ. ರೋಗಪೀಡಿತ ಬುಡದ ಕಂದುಗಳ ಮೂಲಕ ಹರಡುತ್ತದೆ, ಗಿಡಹೇನು ಅದನ್ನು ಸಾಗಿಸುತ್ತದೆ, ಆದರೆ ಬೀಜದ ಮೂಲಕ ಹರಡುವುದಿಲ್ಲ. ಇಂತಹ ಬುಡಗಳನ್ನು ಕಿತ್ತು ನಾಶಪಡಿಸುವುದೇ ಮದ್ದು.

ಬೀಜಕ್ಕೆಂದು ಆರಿಸಿದ ಪ್ರತಿ ಗಿಡಕ್ಕೂ ಸಂಖ್ಯೆ ನೀಡಿ, ಬೀಜದ ಮೂಲ, ನೆಟ್ಟ ವರ್ಷ ಮತ್ತು ಮುಂಗಾರಿನ ಅನಂತರ ಕಂಡ ರೋಗದ ಪ್ರಮಾಣವನ್ನು ತೋಟದ ಪುಸ್ತಕದಲ್ಲಿ ಬರೆದಿಡುವುದು ಸೂಕ್ತ. ರೋಗವಿಲ್ಲದ ಗಿಡಗಳನ್ನೂ ತಪ್ಪದೆ ದಾಖಲಿಸಬೇಕು. ಅವನ್ನು ಬಿಟ್ಟ ಲೆಕ್ಕದಿಂದ ಯಾವ ಅನುಪಾತವೂ ಸರಿಯಾಗಿ ಹೊರಡದು.