ಡೆಪ್ಯುಟಿ ಚನ್ನಬಸಪ್ಪನವರ ವಿದ್ಯಾಸೇವೆ

ಶ್ರೀಮಠದ ಈ ಮಂಗಲ ಮಹೋತ್ಸವದ ಕಾಲದಲ್ಲಿ, ಅನ್ನದಾಸೋಹದೊಡನೆ ಜ್ಞಾನದಾಸೋಹವನ್ನೂ ನಡೆಯಿಸಿದ ಪುಣ್ಯಪುರುಷರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಹಸಿದು ಬಂದವನಿಗೆ ಎಡೆಮಾಡುವಾಗ ಆ ಅನ್ನವು ಅವನ ಒಡಲಿಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ನಿಜವಾದ ದಾಸೋಹಿಯು ನೋಡದೆ ಇರಲಾರನು. ಅರಿವಿಗಾಗಿ ಹಸಿದ ಬಾಲಕನ ಕೈಯಲ್ಲಿ ಯಾವ ಪುಸ್ತಕವನ್ನಿಡಬೇಕು, ಅದನ್ನು ಆರಿಸುವ ಅಧಿಕಾರವು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯೂ ಅಂಥದೇ ಆಗಿದೆ. ಈ ಪ್ರಶ್ನೆಯನ್ನು ತಮ್ಮ ಬಾಳಿನ ಕೆಲಸವನ್ನಾಗಿ ಮಾಡಿಕೊಂಡು, ಉತ್ತರ ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮರಳಿ ನೆಲೆಯನ್ನು ಒದಗಿಸಿದ ಮಹನೀಯರು ಡೆಪ್ಯುಟಿ ಚನ್ನಬಸಪ್ಪನವರು. ಅವರ ಚರಿತ್ರವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವೆವು.

ಚನ್ನಬಸಪ್ಪನವರ ಕಾರ್ಯದ ಬೆಲೆಯು ತಿಳಿಯಬೇಕಾದರೆ ಅಂದಿನ ನಾಡಿನ ಸ್ಥಿತಿಯನ್ನು ಮೊದಲು ಅರಿಯಬೇಕು. ೧೮೧೮ರಲ್ಲಿ ಪೇಶವೆಯವರ ಆಳಿಕೆಯು ಮುಗಿದು ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿತು. ಅವರು ಈ ಭಾಗವನ್ನು ದಕ್ಷಿಣ ಮರಾಠಾ ಸೀಮೆಯೆಂದು ಕರೆದು ಮುಂಬಯಿ ಇಲಾಖೆಗೆ ಜೋಡಿಸಿದರು. ಒಕ್ಕಲಿಗನು ಹೊಲದಲ್ಲಿ ಆಡುವ ಮಾತು, ತಾಯಿಯು ತೊಟ್ಟಿಲನ್ನು ತೂಗುವಾಗ ಹಾಡುವ ಹಾಡು, ಮಠದಲ್ಲಿ ನಡೆಯುವ ಪುರಾಣ ಎಲ್ಲವೂ ಕನ್ನಡವಾಗಿದ್ದರೂ, ಕಚೇರಿಯ ಕಾಗದಪತ್ರಗಳು ಮಾತ್ರ ಮರಾಠಿಯ ಮೋಡಿ ಅಕ್ಷರಗಳಲ್ಲಿದ್ದುವು. ಕಚೇರಿಯ ಭಾಷೆಯೇ ಶಾಲೆಯ ಭಾಷೆಯೂ ಆಯಿತು. ಈ ನಾಡಿನ ಕನ್ನಡ ಶಿಲಾಶಾಸನಗಳನ್ನು ಶ್ರಮವಹಿಸಿ ಸಂಗ್ರಹಿಸಿದ ವಾಲ್ಟರ್ ಎಲಿಯಟ್ ಸಾಹೇಬರಂಥ ಕೆಲವರು ಇಲ್ಲಿಯ ನುಡಿಯು ಕನ್ನಡವೆಂಬುದನ್ನು ಬೇಗನೆ ಅರಿತುಕೊಂಡರು. ಆದರೆ ಅಧಿಕಾರಿಯೊಬ್ಬನ ಅರಿವು ಇಲಾಖೆಯ ಪದ್ಧತಿಯಾಗಲು ಬಹುಕಾಲ ಬೇಕಾಯಿತು.

ಶಾಲೆಯ ಪುಸ್ತಕಗಳನ್ನು ಆಗ ಯಾರು ನಿರ್ಣಯಿಸುತ್ತಿದ್ದರು? ಮೊದಲು ಮುಂಬಯಿಯ ನೇಟಿವ್ ಎಜುಕೇಶನ್ ಸೊಸಾಯಿಟಿಯವರು, ೧೮೪೦ರಿಂದ ವಿದ್ಯಾಮಂಡಲಿಯವರು, ಕೊನೆಗೆ ೧೮೫೪ರ ವುಡ್ ಸಾಹೇಬರ ಆಜ್ಞಾಪತ್ರಕ್ಕನುಸಾರವಾಗಿ ೧೮೫೫ರಲ್ಲಿ ಸ್ಥಾಪಿತವಾದ ವಿದ್ಯಾಖಾತೆಯವರು. ಮರಾಠಿ ಪುಸ್ತಕಗಳನ್ನು ತಿದ್ದಿ ಒಪ್ಪಗೊಳಿಸುವ ಕೆಲಸವನ್ನು ಪುಣೆಯಲ್ಲಿ ಮೇಜರ್ ಕ್ಯಾಂಡಿಯವರು ಬಹುಕಾಲ ನಡೆಯಿಸಿದರು. ಹೀಗೆ ಮಲಪ್ರಭೆಯ ದಂಡೆಯ ಬಾಲಕನು ಏನನ್ನು ಓದಬೇಕೆಂಬುದನ್ನು, ಅವನ ಮಾತನ್ನು ಒಮ್ಮೆಯೂ ಕೇಳದ ಜನರು ದೂರದ ಊರುಗಳಲ್ಲಿ ಕುಳಿತು ಗೊತ್ತುಮಾಡುತ್ತಿದ್ದರು. ಅವರಲ್ಲಿ ಸದ್ಭಾವವಿರಲಿಲ್ಲವೆಂದು ಹೇಳಲಾಗದು. ಇದ್ದ ಕೊರತೆಯು ಪರಿಚಯದ್ದು. ಅರ್ಥವಾಗದ ಪುಸ್ತಕವನ್ನು ಬಾಯಿಪಾಠ ಮಾಡಿದ ಹುಡುಗನು ಎರಡು ವರ್ಷಗಳಲ್ಲಿ ಅದನ್ನು ಮರೆತು ಎತ್ತುಗಳ ಹಿಂದೆ ಹೋದರೆ, ಅವನಿಗೆ ವಿದ್ಯೆಯಲ್ಲಿ ಅಭಿರುಚಿಯಿಲ್ಲವೆಂದು ದಫ್ತರದಲ್ಲಿ ಬರೆಯುವುದು ಸುಲಭವಾಗಿತ್ತು.

ಇಂಥ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿ, ಧಾರವಾಡದ ಲಿಂಗಾಯತ ಮನೆತನದಲ್ಲಿ ಚನ್ನಬಸಪ್ಪನವರು ಹುಟ್ಟಿದರು. ಅಂದು ಉನ್ನತ ವಿದ್ಯೆಯನ್ನು ಬಯಸಿದವನಿಗೆ ಪುಣೆಯೇ ಗತಿಯಾಗಿತ್ತು. ಅವರೂ ಪುಣೆಗೆ ಹೋಗಿ ಕಲಿತು ಬಂದರು. ಮರಾಠಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪರಿಣತರಾದ ಅವರಿಗೆ ಕಚೇರಿಯ ದಾರಿಯು ತೆರೆದೇ ಇದ್ದಿತು. ಆದರೆ ಅವರು ಆರಿಸಿಕೊಂಡುದು ವಿದ್ಯಾಖಾತೆಯನ್ನು. ಧಾರವಾಡದಲ್ಲಿ ಶಿಕ್ಷಕರನ್ನು ಸಿದ್ಧಗೊಳಿಸುವ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿ, ಮುಂದೆ ಶಾಲೆಗಳ ಡೆಪ್ಯುಟಿ ಇನ್ಸ್ಪೆಕ್ಟರರಾಗಿ ಅವರು ದುಡಿದರು. ಜನರು ಆ ಹುದ್ದೆಯ ಹೆಸರನ್ನು ಅವರ ಹೆಸರಿನೊಡನೆ ಎಷ್ಟು ಪ್ರೀತಿಯಿಂದ ಸೇರಿಸಿದರೆಂದರೆ, ಇಂದಿಗೂ ಡೆಪ್ಯುಟಿ ಎಂಬ ವಿಶೇಷಣವಿಲ್ಲದೆ ಅವರನ್ನು ಯಾರೂ ಕರೆಯುವುದಿಲ್ಲ.

ದಕ್ಷಿಣ ವಿಭಾಗದ ಎಜುಕೇಶನಲ್ ಇನ್ಸ್ಪೆಕ್ಟರರಾಗಿದ್ದ ರಸೆಲ್ ಸಾಹೇಬರು ಕನ್ನಡದ ಹಿತಚಿಂತಕರಾಗಿದ್ದುದು ನಾಡಿನ ಭಾಗ್ಯವೆನ್ನಬೇಕು. ಅವರ ಬೆಂಬಲವನ್ನು ಪಡೆದು ಚನ್ನಬಸಪ್ಪನವರು ಕನ್ನಡ ಊರುಗಳಲ್ಲಿದ್ದ ಮರಾಠಿ ಶಾಲೆಗಳ ಸ್ಥಾನದಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಈ ಕಾರ್ಯವು ನಿಷ್ಕಂಟಕವಾಗಿರಲಿಲ್ಲ. ಕನ್ನಡವು ಒರಟು ನುಡಿಯೆಂದೂ, ಅದರಲ್ಲಿ ಕಲಿಸಲು ಪುಸ್ತಕಗಳಿಲ್ಲವೆಂದೂ, ಕಲಿತವನಿಗೆ ಚಾಕರಿಯು ದೊರೆಯದೆಂದೂ ಆಕ್ಷೇಪಗಳಿದ್ದುವು. ಮಗನು ಕಾರಕೂನನಾಗಲೆಂದು ಹಾರೈಸಿದ ಕನ್ನಡ ತಂದೆಯು ಸಹ ಮರಾಠಿ ಶಾಲೆಯನ್ನೇ ಬಯಸುವ ಸಂಭವವಿದ್ದಿತು. ಆ ತಂದೆಯನ್ನು ನಾವು ನಿಂದಿಸಲಾಗದು. ಅನ್ನದ ದಾರಿಯು ಯಾವ ಭಾಷೆಯಲ್ಲಿದೆಯೋ ಆ ಭಾಷೆಯತ್ತ ಬಡವನು ನೋಡುವುದು ಸಹಜವೇ ಆಗಿದೆ. ಆದುದರಿಂದ ಬರಿಯ ಹುಕುಮಿನಿಂದ ಈ ಕೆಲಸವು ನಿಲ್ಲುವಂತಿರಲಿಲ್ಲ. ಒಬ್ಬ ಅಧಿಕಾರಿಯ ಹುಕುಮಿನಿಂದ ಮರಾಠಿಯು ಬಂದಂತೆಯೇ ಇನ್ನೊಬ್ಬನ ಹುಕುಮಿನಿಂದ ಕನ್ನಡವು ಬಂದಿತೆಂದರೆ, ಮೂರನೆಯವನ ಹುಕುಮಿನಿಂದ ಅದು ಹೋಗಲೂಬಹುದು.

ಚನ್ನಬಸಪ್ಪನವರ ಹಿರಿಮೆಯು ಇಲ್ಲಿಯೇ ಇದೆ. ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ಅವರು ತಮ್ಮಲ್ಲಿಯೇ ಬಚ್ಚಿಟ್ಟುಕೊಳ್ಳದೆ ಶಿಕ್ಷಕರಿಗೂ ಗ್ರಂಥಕಾರರಿಗೂ ಹಂಚಿದರು. ನಾರ್ಮಲ್ ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕರ ಪೀಳಿಗೆಯೊಂದನ್ನು ಬೆಳೆಯಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದ ವಿದ್ವಾಂಸರು ಇದೇ ಕಾಲದಲ್ಲಿ ವಿದ್ಯಾಖಾತೆಯ ಆಶ್ರಯದಲ್ಲಿ ಕನ್ನಡ ಪುಸ್ತಕಗಳನ್ನು ರಚಿಸತೊಡಗಿದರು. ಪುಸ್ತಕಗಳಿಲ್ಲವೆಂಬ ಆಕ್ಷೇಪಕ್ಕೆ ಪುಸ್ತಕಗಳೇ ಉತ್ತರವಾದುವು.

೧೮೬೫ರಲ್ಲಿ ಮಠಪತ್ರಿಕೆಯೆಂಬ ಮಾಸಪತ್ರಿಕೆಯು ಶಿಕ್ಷಕರಿಗಾಗಿ ಧಾರವಾಡದಲ್ಲಿ ಹೊರಟಿತು. ಈ ಹೆಸರನ್ನು ಶ್ರೀಮಠದ ಭಕ್ತರು ವಿಶೇಷವಾಗಿ ಗಮನಿಸಬೇಕು. ಆಗ ನಮ್ಮ ಹಳ್ಳಿಗಳಲ್ಲಿ ಮಠವೆಂದರೆ ಶಾಲೆಯೆಂದೇ ಅರ್ಥವಿದ್ದಿತು. ಅಯ್ಯನವರು ಮರಳಿನ ಮೇಲೆ ಅಕ್ಷರವನ್ನು ತಿದ್ದಿಸುತ್ತಿದ್ದ ಸ್ಥಳವೇ ಮಠವಾಗಿತ್ತು. ಸರಕಾರದ ಶಾಲೆಗೆ ಸಂಬಂಧಿಸಿದ ಪತ್ರಿಕೆಗೆ ಊರವರ ಬಾಯಲ್ಲಿದ್ದ ಈ ಹೆಸರನ್ನೇ ಇಟ್ಟುದರಿಂದ, ಹೊಸ ಶಾಲೆಯು ಪರಕೀಯವಾದುದಲ್ಲ, ಹಳೆಯ ಮಠದ ಮುಂದುವರಿಕೆಯೆಂಬ ಭಾವವು ಸೂಚಿತವಾಯಿತು. ಮುಂದೆ ಇದೇ ಪತ್ರಿಕೆಯು ಶಾಲಾಪತ್ರಿಕೆ, ಜೀವನ ಶಿಕ್ಷಣ ಎಂಬ ಹೆಸರುಗಳನ್ನು ತಳೆದು ಬಹುಕಾಲ ಬಾಳಿತು.

ಸ್ವಭಾಷೆಯ ಅಭಿಮಾನಿಯು ಪರಭಾಷೆಯ ದ್ವೇಷಿಯಾಗಬೇಕಿಲ್ಲವೆಂಬುದಕ್ಕೂ ಚನ್ನಬಸಪ್ಪನವರೇ ದೃಷ್ಟಾಂತವಾಗಿದ್ದಾರೆ. ೧೮೭೧ರಲ್ಲಿ ಅವರು ಶೇಕ್ಸ್‌ಪಿಯರ್ ಮಹಾಕವಿಯ ಕಾಮೆಡಿ ಆಫ್ ಎರರ್ಸ್ ಎಂಬ ವಿನೋದ ನಾಟಕವನ್ನು ಕನ್ನಡಕ್ಕೆ ತಂದರು. ಕನ್ನಡ ಬಾಲಕನಿಗೆ ಜಗತ್ತಿನ ಬಾಗಿಲನ್ನು ಮುಚ್ಚುವುದು ಅವರ ಉದ್ದೇಶವಾಗಿರಲಿಲ್ಲ. ಆ ಬಾಗಿಲನ್ನು ಅವನ ಮನೆಯ ಕಡೆಯಿಂದ ತೆರೆಯುವುದು ಅವರ ಉದ್ದೇಶವಾಗಿತ್ತು.

ಪುಸ್ತಕ ಭಂಡಾರದ ವಿಷಯದಲ್ಲಿಯೂ ಆ ಕಾಲವು ನಮಗೊಂದು ಪಾಠವನ್ನು ಹೇಳುತ್ತದೆ. ವುಡ್ ಸಾಹೇಬರ ಆಜ್ಞಾಪತ್ರದಲ್ಲಿ, ಸರಕಾರದ ಶಾಲೆಗಳಲ್ಲಿ ಯಾವ ಮತವನ್ನೂ ಬೋಧಿಸಬಾರದೆಂಬ ನಿಯಮವಿದ್ದಿತು. ಆದರೆ ಅವುಗಳ ಪುಸ್ತಕ ಭಂಡಾರಗಳಲ್ಲಿ ಬೈಬಲ್ ಗ್ರಂಥವಿರುವುದನ್ನೂ, ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಅದನ್ನು ನೋಡುವುದನ್ನೂ ಆ ಪತ್ರವು ಸರಿಯೆಂದು ಒಪ್ಪಿತ್ತು. ಪಾಠವು ಕಡ್ಡಾಯವಾದುದು, ಭಂಡಾರವು ಓದುಗನ ಇಚ್ಛೆಗೆ ಬಿಟ್ಟುದು ಎಂಬ ಈ ಭೇದವು ಯೋಗ್ಯವಾದುದೇ ಸರಿ. ಆದರೆ ಒಂದೇ ಮತದ ಗ್ರಂಥಕ್ಕೆ ಆ ಪತ್ರದಲ್ಲಿ ಹೆಸರಿಟ್ಟು ಮನ್ನಣೆ ದೊರೆತಾಗ, ಈ ನಾಡಿನ ಶರಣರ ವಚನಗಳು ಇನ್ನೂ ಮಠಗಳ ಮತ್ತು ಮನೆಗಳ ಓಲೆಯ ಕಟ್ಟುಗಳಲ್ಲಿ ಮಲಗಿದ್ದುವು. ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದುದು ೧೯೨೩ರಲ್ಲಿ. ಅಚ್ಚಾಗದ ಗ್ರಂಥವನ್ನು ಯಾವ ಅಧಿಕಾರಿಯೂ ಶಾಲೆಗೆ ಆರಿಸಲಾರನು. ಆದುದರಿಂದ ಪುಸ್ತಕದ ಆಯ್ಕೆಯ ಹೊಣೆಯು ಸರಕಾರದ್ದು ಮಾತ್ರವಲ್ಲ. ಗ್ರಂಥವನ್ನು ಕಾಯ್ದಿಟ್ಟವರು ಅದನ್ನು ಬೆಳಕಿಗೆ ತಾರದೆ ಹೋದರೆ ಆ ತಪ್ಪಿನಲ್ಲಿ ಅವರಿಗೂ ಪಾಲಿದೆ. ಇದನ್ನು ಮಠಗಳವರಾದ ನಾವು ವಿನಯದಿಂದ ಒಪ್ಪಿಕೊಳ್ಳಬೇಕು.

ಚನ್ನಬಸಪ್ಪನವರು ೧೮೮೧ರಲ್ಲಿ ಲಿಂಗೈಕ್ಯರಾದರು. ಐವತ್ತು ವರ್ಷಗಳೂ ತುಂಬದ ಆಯುಷ್ಯವದು. ಆದರೆ ಅವರು ಬಿತ್ತಿದ ಬೀಜವು ಅವರೊಡನೆ ಅಳಿಯಲಿಲ್ಲ. ಮರುವರ್ಷ, ೧೮೮೨ರಲ್ಲಿ, ಹಂಟರ್ ಆಯೋಗದ ಮುಂದೆ ಪುಣೆಯ ಜೋತಿರಾವ ಫುಲೆಯವರು, ಪ್ರಾಥಮಿಕ ಶಾಲೆಯ ಪುಸ್ತಕಗಳನ್ನು ಹೊಸದಾಗಿ ರಚಿಸಬೇಕೆಂದೂ ಒಕ್ಕಲುತನ, ಆರೋಗ್ಯ, ನೀತಿಗಳ ತಿಳಿವಳಿಕೆಯು ಪಾಠದಲ್ಲಿ ಸೇರಬೇಕೆಂದೂ ನಿವೇದಿಸಿದರು. ಪಾಠದ ವಿಷಯದಲ್ಲಿ ದುಡಿಯುವ ಜನರಿಗೂ ಮಾತಿದೆಯೆಂಬ ಅರಿವು ಮೂಡುತ್ತಿದ್ದ ಕಾಲವದು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಉದ್ಯಮದಿಂದ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಗಿ, ಕನ್ನಡ ಗ್ರಂಥಕರ್ತರಿಗೆ ಪ್ರೋತ್ಸಾಹವನ್ನು ಕೊಡತೊಡಗಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು ತಲೆಯೆತ್ತಿತು. ಅಧಿಕಾರಿಯೊಬ್ಬರು ಮೊದಲುಮಾಡಿದ ಕಾರ್ಯವನ್ನು ಜನರೇ ಸಂಘಕಟ್ಟಿ ಕೈಗೆತ್ತಿಕೊಂಡರು. ೧೯೫೬ರಲ್ಲಿ ಕನ್ನಡ ಪ್ರದೇಶಗಳು ಒಂದಾದಾಗ, ಧಾರವಾಡದ ಬಾಲಕನ ಪಾಠವನ್ನು ಗೊತ್ತುಮಾಡುವ ಅಧಿಕಾರವು ಕನ್ನಡ ಸರಕಾರದ ಕೈಗೆ ಬಂದಿತು.

ಹಾಗಾದರೆ ಪ್ರಶ್ನೆಯು ಮುಗಿಯಿತೇ? ಮುಗಿಯಲಿಲ್ಲ. ಅಧಿಕಾರದ ಸ್ಥಾನವು ಹತ್ತಿರ ಬಂದ ಮಾತ್ರಕ್ಕೆ ಅದರ ದೋಷಗಳು ದೂರವಾಗುವುದಿಲ್ಲ. ೨೦೧೪ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಶಾಲೆಗಳಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಕಡ್ಡಾಯಗೊಳಿಸುವ ಹಕ್ಕು ರಾಜ್ಯಕ್ಕಿಲ್ಲವೆಂದು ತೀರ್ಮಾನಿಸಿತು. ಚನ್ನಬಸಪ್ಪನವರ ಕಾಲದಲ್ಲಿ ಮರಾಠಿಯನ್ನು ಬಯಸಿದ ತಂದೆಯೇ ಇಂದು ಇಂಗ್ಲಿಷನ್ನು ಬಯಸಿ ನಮ್ಮ ಮುಂದೆ ನಿಂತಿದ್ದಾನೆ. ಅವನನ್ನು ಹುಕುಮಿನಿಂದ ಗೆಲ್ಲಲು ಬಾರದು. ಒಳ್ಳೆಯ ಶಿಕ್ಷಕ, ಒಳ್ಳೆಯ ಪುಸ್ತಕ, ಕಲಿತವನಿಗೆ ಗೌರವದ ಅನ್ನ, ಇವುಗಳಿಂದ ಮಾತ್ರ ಅವನ ಮನಸ್ಸು ಒಲಿಯುವುದು.

ಈ ಚರಿತ್ರದಿಂದ ನಾವು ತಿಳಿಯತಕ್ಕುದು ಇಷ್ಟು: ಪುಸ್ತಕವನ್ನು ಆರಿಸುವ ಅಧಿಕಾರವು ಯಾವನೊಬ್ಬನ ಸೊತ್ತಲ್ಲ. ಸರಕಾರವು ಹಣವನ್ನೂ ನಿಯಮವನ್ನೂ ಒದಗಿಸಲಿ. ವಿದ್ವಾಂಸರು ಸತ್ಯಾಸತ್ಯಗಳನ್ನು ಪರೀಕ್ಷಿಸಲಿ. ಶಿಕ್ಷಕನು ಮಗುವಿನ ಶಕ್ತಿಯನ್ನು ಅರಿತು ಹೇಳಲಿ. ತಾಯಿತಂದೆಗಳ ಮಾತಿಗೆ ಕಿವಿಯಿರಲಿ. ಆರಿಸಿದವನು ತನ್ನ ಕಾರಣವನ್ನು ಎಲ್ಲರ ಮುಂದೆ ಹೇಳಬಲ್ಲವನಾಗಿರಬೇಕು. ಕನ್ನಡ ಮಗುವಿಗೆ ಕನ್ನಡವನ್ನು ಕೇಳಿದ ನ್ಯಾಯವೇ, ನಮ್ಮ ನಡುವಿನ ಮರಾಠಿ, ಉರ್ದು, ತುಳು, ಕೊಂಕಣಿಗಳ ಮಗುವಿಗೂ ಸಲ್ಲಬೇಕು. ಇಲ್ಲವಾದರೆ ಅಂದು ನಮಗಾದ ಅನ್ಯಾಯವನ್ನು ನಾವೇ ಇನ್ನೊಬ್ಬರಿಗೆ ಮಾಡಿದಂತಾಗುವುದು.

ಅರಿವನ್ನು ಆಳುವ ವಸ್ತುವೆಂದು ತಿಳಿಯದೆ ನೀಡುವ ವಸ್ತುವೆಂದು ತಿಳಿದು ನಡೆದ ಡೆಪ್ಯುಟಿ ಚನ್ನಬಸಪ್ಪನವರ ಸ್ಮರಣೆಯು ಶ್ರೀಮಠದ ಈ ಮಹೋತ್ಸವದಲ್ಲಿ ನಮ್ಮ ಮಕ್ಕಳ ದಾರಿಗೆ ಬೆಳಕಾಗಲಿ. ಆ ಪುಣ್ಯಾತ್ಮರಿಗೆ ಶರಣು ಶರಣಾರ್ಥಿ.