ಗಣಿತಾಚಾರ್ಯ ಮಹಾವೀರ

ಬೆಂಗಳೂರಿನ ಜಯನಗರ, ಬನಶಂಕರಿಗಳ ಕಾಲೇಜುಗಳಲ್ಲಿ ಗಣಿತವನ್ನು ಆರಿಸಿಕೊಂಡ ವಿದ್ಯಾರ್ಥಿಗಳು ಕ್ರಮಯೋಜನೆ ಮತ್ತು ವಿಕಲ್ಪಗಳ ಪಾಠಕ್ಕೆ ಬಂದಾಗ, ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬ ಸೂತ್ರವನ್ನು ಕಲಿಯುತ್ತಾರೆ. ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿಯೇ ಅದನ್ನು ಸಾರ್ವತ್ರಿಕ ನಿಯಮವಾಗಿ ಶ್ಲೋಕದಲ್ಲಿ ಬರೆದಿಟ್ಟವನು ಕನ್ನಡ ನಾಡಿನ ಮಹಾವೀರಾಚಾರ್ಯ.

ಈತನ ಹುಟ್ಟೂರು, ತಾಯಿತಂದೆಯರು, ಗುರುಪರಂಪರೆ ಯಾವುದನ್ನೂ ಈತ ಹೇಳಿಕೊಂಡಿಲ್ಲ. ಜೈನ ಮತಾವಲಂಬಿಯಾದ ಈತನು ತನ್ನ ಗ್ರಂಥದ ಆದಿಯಲ್ಲಿ ವರ್ಧಮಾನ ಜಿನನಿಗೆ ನಮಿಸಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಅದರಿಂದಲೇ ಕಾಲನಿರ್ಣಯ ಸಾಧ್ಯವಾಗಿದೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗ ಹುಟ್ಟಿದುದೂ ಅದೇ ಆಳ್ವಿಕೆಯಲ್ಲಿ.

ಮಹಾವೀರನ ಕೃತಿ ಸಂಸ್ಕೃತದ ಗಣಿತಸಾರಸಂಗ್ರಹ. ಒಂಬತ್ತು ಅಧ್ಯಾಯ, 1100ಕ್ಕೂ ಮಿಕ್ಕ ಶ್ಲೋಕ. ಅಂದಿನ ಗಣಿತವು ಬಹುಮಟ್ಟಿಗೆ ಜ್ಯೋತಿಷ ಸಿದ್ಧಾಂತಗಳ ಒಂದು ಅಂಗವಾಗಿತ್ತು. ಮಹಾವೀರನು ಅದನ್ನು ಬೇರ್ಪಡಿಸಿ, ಗಣಿತಕ್ಕಾಗಿಯೇ ಗಣಿತವನ್ನು ಬೋಧಿಸಿದನು. ಸಂಗೀತ, ಪಾಕ, ವೈದ್ಯ, ವಾಸ್ತು, ಛಂದಸ್ಸು ಎಲ್ಲಕ್ಕೂ ಲೆಕ್ಕ ಬೇಕೆಂಬುದು ಆತನ ನಿಲುವು.

ವಿಕಲ್ಪದ ನಿಯಮವು ಆರನೆಯ ಅಧ್ಯಾಯವಾದ ಮಿಶ್ರಕ ವ್ಯವಹಾರದಲ್ಲಿದೆ. ಒಂದರಿಂದ ವಸ್ತುಗಳ ಸಂಖ್ಯೆಯವರೆಗಿನ ಅಂಕಿಗಳನ್ನು ಒಂದು ಸಾಲಿನಲ್ಲಿ ಏರುಕ್ರಮದಲ್ಲಿಯೂ ಇನ್ನೊಂದರಲ್ಲಿ ಇಳಿಕ್ರಮದಲ್ಲಿಯೂ ಬರೆಯಬೇಕು. ಎಷ್ಟು ವಸ್ತುಗಳನ್ನು ಆಯಬೇಕೋ ಅಷ್ಟು ಅಂಕಿಗಳನ್ನು ಎರಡೂ ಸಾಲುಗಳಲ್ಲಿ ಗುಣಿಸಿ, ಇಳಿಸಾಲಿನ ಗುಣಲಬ್ಧವನ್ನು ಏರುಸಾಲಿನದರಿಂದ ಭಾಗಿಸಬೇಕು. ಆತನ ಮೊದಲ ಉದಾಹರಣೆ ಷಡ್ರಸಗಳದು. ಆರು ರಸಗಳಲ್ಲಿ ಎರಡನ್ನು ಬೆರೆಸುವುದಾದರೆ 6ನ್ನು 5ರಿಂದ ಗುಣಿಸಿದ 30ನ್ನು 2ರಿಂದ ಭಾಗಿಸಿ 15. ಭಾಗಿಸುವುದೇಕೆ? ಸಿಹಿಗೆ ಹುಳಿ ಬೆರೆಸಿದರೂ ಹುಳಿಗೆ ಸಿಹಿ ಬೆರೆಸಿದರೂ ರುಚಿ ಒಂದೇ ಆದುದರಿಂದ. ಒಂದೊಂದಾಗಿ 6, ಎರಡೆರಡಾಗಿ 15, ಮುಂದೆ 20, 15, 6, 1; ಒಟ್ಟು 63. ಅನಂತರ ವಜ್ರ, ಇಂದ್ರನೀಲ, ಮರಕತ, ಹವಳ, ಮುತ್ತುಗಳ ಹಾರ: 31 ಬಗೆ. ಕೇದಗೆ, ಅಶೋಕ, ಸಂಪಿಗೆ, ನೈದಿಲೆಗಳ ಮಾಲೆ: 15 ಬಗೆ.

ಈ ಕೊನೆಯ ಲೆಕ್ಕವನ್ನು ಜಯನಗರದ ಮಾರುಕಟ್ಟೆಯಲ್ಲಿ ಹೂ ಕಟ್ಟುವವರು ಒಪ್ಪಲಾರರೇನೋ! ಯಾವ ಹೂವಿನ ಹಿಂದೆ ಯಾವುದು ಎಂಬುದು ಅವರಿಗೆ ಮುಖ್ಯ. ಒಂದೊಂದು ಜಾತಿಯ ಒಂದೇ ಹೂವನ್ನು ಬಳಸಿ, ಪೋಣಿಸುವ ಅನುಕ್ರಮವನ್ನೂ ಎಣಿಸಿದರೆ 15ರ ಬದಲು 64 ಬಗೆಗಳಾಗುತ್ತವೆ. ಮಹಾವೀರನು ಎಣಿಸಿದ್ದು ಆಯ್ಕೆಯನ್ನು, ಜೋಡಣೆಯನ್ನಲ್ಲ. ವಿಕಲ್ಪಕ್ಕೂ ಕ್ರಮಯೋಜನೆಗೂ ಇರುವ ಈ ಭೇದದಲ್ಲಿಯೇ ಇಂದಿನ ವಿದ್ಯಾರ್ಥಿಯೂ ಎಡವುವುದು.

ಅಭಿಮಾನದಿಂದ ಎಲ್ಲ ಕೀರ್ತಿಯನ್ನೂ ಈತನೊಬ್ಬನಿಗೇ ಸಲ್ಲಿಸುವುದು ಸರಿಯಾಗದು. ರಸಗಳ 63 ಬೆರಕೆಗಳು ಸುಶ್ರುತಸಂಹಿತೆಗೆ ತಿಳಿದಿದ್ದವು. ಶ್ರೀಧರಾಚಾರ್ಯನ ಪಾಟೀಗಣಿತದಲ್ಲಿಯೂ ಇಂಥ ವಿಧಾನವುಂಟು. ಇಬ್ಬರಲ್ಲಿ ಯಾರು ಮೊದಲಿಗರೆಂಬುದು ಚರ್ಚೆಯಲ್ಲಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುವುದೆಂದು ಮಹಾವೀರನು ಬರೆದುದು ತಪ್ಪು. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ನುಡಿದವನೂ ಈತನೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಮೂಲವು ಶತಮಾನಗಳ ಕಾಲ ಹಸ್ತಪ್ರತಿಗಳಲ್ಲಿ ಉಳಿದಿದ್ದು, ಮದರಾಸಿನಲ್ಲಿ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚಿಗೆ ತಂದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದ ಜೈನ ಮಠದಿಂದ ಪ್ರಕಟವಾಯಿತು.