ಬಿರುದಿಲ್ಲದ ಪ್ರಾಧ್ಯಾಪಕರು

ವಿದ್ವತ್ತನ್ನು ಬಿರುದಿನಿಂದಲೇ ಅಳೆಯುವ ವಿಶ್ವವಿದ್ಯಾನಿಲಯಗಳ ಮುಂದೆ ಸತ್ಯೇಂದ್ರನಾಥ ಬೋಸರ ಚರಿತ್ರೆಯನ್ನು ನಾವು ಇಡಬಯಸುತ್ತೇವೆ. 1894ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಅವರು 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಪ್ರಥಮರಾದರು, ಡಾಕ್ಟರೇಟಿಗೆಂದು ಪ್ರಬಂಧ ಬರೆಯಲೇ ಇಲ್ಲ. ಢಾಕಾದಲ್ಲಿ ರೀಡರಾಗಿದ್ದಾಗ, ಬೆಳಕಿನ ಕಣಗಳನ್ನು ಒಂದರಿಂದೊಂದು ಬೇರೆಯೆಂದು ಗುರುತಿಸಲಾಗದವೆಂದೆಣಿಸಿ, ಪ್ಲಾಂಕರ ವಿಕಿರಣ ಸೂತ್ರವನ್ನು ಹಳೆಯ ವಿದ್ಯುತ್ಕಾಂತ ಶಾಸ್ತ್ರದ ಹಂಗಿಲ್ಲದೆ ಸಾಧಿಸಿದರು. 1924ರಲ್ಲಿ ಆ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಲು, ಆ ಮಹಾಶಯರು ತಾವೇ ಜರ್ಮನ್ ಭಾಷೆಗೆ ತರ್ಜುಮೆ ಮಾಡಿ ಪ್ರಕಟಪಡಿಸಿದರು. ಕ್ವಾಂಟಂ ಶಾಸ್ತ್ರಕ್ಕೆ ಅದರಿಂದ ಹೊಸ ಎಣಿಕೆಯ ಕ್ರಮವೇ ಲಭಿಸಿತು. ಆದರೇನು? 1926ರಲ್ಲಿ ಯೂರೋಪಿನಿಂದ ಮರಳಿದ ಬೋಸರಿಗೆ ಢಾಕಾದ ಪ್ರಾಧ್ಯಾಪಕ ಪೀಠಕ್ಕೆ ಬಿರುದಿಲ್ಲವೆಂಬುದೇ ಅಡ್ಡಿಯಾಯಿತು! ಐನ್‌ಸ್ಟೈನರ ಶಿಫಾರಸಿನ ತರುವಾಯ ಪೀಠ ದೊರೆಯಿತು. ನಮ್ಮವರ ಯೋಗ್ಯತೆಗೆ ಸಮುದ್ರದಾಚೆಯ ಸಾಕ್ಷಿ ಬೇಕಾಯಿತೆಂಬುದು ನಮಗೆ ಇಂದಿಗೂ ನೋವಿನ ಸಂಗತಿ. 1945ರವರೆಗೆ ಅಲ್ಲಿಯೇ ಪಾಠ ಹೇಳಿದ ಬೋಸರು ಬಳಿಕ ಕಲ್ಕತ್ತೆಗೆ ಹಿಂದಿರುಗಿ, 1974ರಲ್ಲಿ ದಿವಂಗತರಾದರು.